ಏಳು ಹತ್ತರ ಹಾಲು

ವಾರ್ಡಿನ ಮೂಲೆಯ ಸಿಂಕಿನಲ್ಲಿ ತಂಗಿ ಪುಟ್ಟ ಬಾಟಲಿಯೊಂದನ್ನು ತೊಳೆಯುತ್ತಿದ್ದಳು. ಕುತ್ತಿಗೆಯೊಳಗೆ ಬ್ರಷ್ ತಿರುಗಿಸಿ, ಬಿಸಿನೀರು ಹಾಕಿ, ಮತ್ತೆ ಬ್ರಷ್. ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿ ಎದೆಹಾಲು ಹಿಂಡುತ್ತಿದ್ದಳು.

ತಿಂಗಳು ತುಂಬದೆ ಹುಟ್ಟಿದ ಕೂಸು ಕೆಳಗಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಮೊದಲ ಹಾಲು ಅದಕ್ಕೆ ಮದ್ದಿದ್ದಂತೆ ಎಂದು ಡಾಕ್ಟರು ಹೇಳಿದ್ದರು. ನಿನ್ನೆ ಸಂಜೆ ಅಕ್ಕ ಒಂದು ಗಂಟೆ ಹಲ್ಲು ಕಚ್ಚಿ ಕೂತಿದ್ದಕ್ಕೆ ಅರ್ಧ ಚಮಚ ಬಂದಿತ್ತು, ಹಳದಿಯಾಗಿ, ಜೇನಿನ ಹಾಗೆ ಮಂದವಾಗಿ. ತಂಗಿ ಬಾಟಲಿಯ ಚೀಟಿಯಲ್ಲಿ ಮಂಚದ ನಂಬರು, ತಾರೀಖು, 7.10 ಎಂದು ಬರೆದು ಕೆಳಗೆ ಕೊಟ್ಟು ಬಂದಿದ್ದಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಅವಳ ಅಕ್ಷರ ಮುತ್ತು ಪೋಣಿಸಿದಂತಿತ್ತು.

ಈಗ ಎರಡನೆಯ ಬಾಟಲಿ ಹಿಡಿದು ಕೆಳಗಿಳಿದರೆ, ನಿನ್ನೆಯದು ಖಾಲಿಯಾಗಿ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಮುತ್ತಿನ ಅಕ್ಷರ ಮೇಲಕ್ಕೇ ಕಾಣುತ್ತಿತ್ತು.

ಬೆಳಗಿನ ಪಾಳಿಯ ನರ್ಸ್ ತಲೆ ಎತ್ತದೆಯೇ ವಿವರಿಸಿದಳು. ಇಪ್ಪತ್ನಾಲ್ಕು ಗಂಟೆ ದಾಟಿದ ಹಾಲನ್ನು ಚೆಲ್ಲುವುದು ಇಲ್ಲಿನ ನಿಯಮ. ಏಳು ಹತ್ತು ಎಂದರೆ ಬೆಳಿಗ್ಗೆ. ಸಂಜೆಯದಾಗಿದ್ದರೆ ಹತ್ತೊಂಬತ್ತು ಹತ್ತು ಎಂದು ಬರೆಯಬೇಕಿತ್ತು. ಗೋಡೆಯ ಮೇಲೆ ಹಾಕಿದ್ದಾರೆ.

ತಂಗಿ ಹುಡುಕಿದಳು. ಸೂಚನೆ ಇತ್ತು, ಸದಾ ತೆರೆದೇ ಇರುವ ಬಾಗಿಲಿನ ಹಿಂದೆ.

"ಓದೋಕೆ ಬರಲ್ವೇನಮ್ಮ?" ಎಂದಳು ನರ್ಸ್.

ತಂಗಿಯ ಬಾಯಿ ತೆಗೆಸಬೇಕಾದರೆ ಹಲ್ಲಿನ ಡಾಕ್ಟರೇ ಬರಬೇಕು ಎಂದು ಭಾವ ತಮಾಷೆ ಮಾಡುವುದುಂಟು. ಆದರೆ ನರ್ಸಿನ ಮಾತಿಗೆ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಶಾಲೆ ಬಿಟ್ಟವಳು ಎಂದು ಇಷ್ಟು ವರ್ಷ ಯಾರು ಏನಂದರೂ ತಲೆ ತಗ್ಗಿಸಿದ್ದಳು. ಆದರೆ ಚೆಲ್ಲಿದ ಹಾಲು ಅವಳ ಪಾಲಿನದಲ್ಲ, ಕೂಸಿನ ಪಾಲಿನದು.

"ಓದೋಕೆ ಬರುತ್ತೆ ಸಿಸ್ಟರ್. ನೀವೂ ಓದಿ. ಆ ಪೆಟ್ಟಿಗೆಗೆ ಕಟ್ಟಿರೋ ಕಾರ್ಡು ನಿನ್ನೆ ನನ್ನೆದುರಿಗೇ ನೀವೇ ಬರೆದಿದ್ದು. ಮಗು ಹುಟ್ಟಿದ್ದು ನಿನ್ನೆ ಮಧ್ಯಾಹ್ನ. ಹೆರೋಕೆ ಮುಂಚೆ, ಬೆಳಿಗ್ಗೆ ಏಳಕ್ಕೆ, ನಮ್ಮಕ್ಕ ಹಾಲು ಎಲ್ಲಿಂದ ತರ್ತಾಳೆ?"

ನರ್ಸ್ ಕಾರ್ಡಿನತ್ತ ನೋಡಿದಳು. 14.20. ಅವಳದೇ ಕೈಬರಹ. ಕಿವಿ ಕೆಂಪಾಯಿತು. ಕಂಪ್ಯೂಟರಿನ ಮುಂದಿದ್ದ ಇನ್ನೊಬ್ಬಳ ಬೆರಳು ನಿಂತಿತು, ಮತ್ತೆ ಓಡಿತು. ನಿಯಮ ಎಲ್ಲರಿಗೂ ಒಂದೇ ಎಂದು ನರ್ಸ್ ಗೊಣಗಿ, ಯಾವುದೋ ಡ್ರಾಯರು ಎಳೆದು ಏನನ್ನೋ ಹುಡುಕತೊಡಗಿದಳು.

ಮೇಲೆ ಅಕ್ಕನಿಗೆ ಏನು ಹೇಳುವುದು? ಕೂಸು ಕುಡಿಯಿತಾ ಎಂದು ಕೇಳುವುದಕ್ಕೇ ಅವಳು ಕಾಯುತ್ತಿರುತ್ತಾಳೆ.

ತಂಗಿ ಮೇಜಿನ ಮೇಲಿದ್ದ ಪೆನ್ನನ್ನು ಕೇಳದೆಯೇ ಎತ್ತಿಕೊಂಡು, ಹೊಸ ಬಾಟಲಿಯ ಚೀಟಿಯಲ್ಲಿ 8.05ರ ಪಕ್ಕ 'ಬೆಳಿಗ್ಗೆ' ಎಂದು ಒತ್ತಿ ಬರೆದಳು. ಬಾಟಲಿಯನ್ನು ನರ್ಸಿನ ಕಣ್ಣೆದುರಿಗೇ ಇಟ್ಟಳು.

"ಇದನ್ನ ಚೆಲ್ಲೋ ಮುಂಚೆ ನನ್ನನ್ನ ಒಂದು ಮಾತು ಕೇಳಿ. ಹೊರಗೆ ಬೆಂಚಿನ ಮೇಲೇ ಇರ್ತೀನಿ."

ಹೊರಗೆ ಬಂದು, ಬಾಗಿಲಿಗೆ ಎದುರಾಗಿ ಬೆಂಚಿನ ಮೇಲೆ ಕೂತಳು.