ಪುಸ್ತಕದಲ್ಲಿ ಬಂದ ಹೆಸರು

ಗುಂಡು ಹೊಟ್ಟೆಗೇ ಹೊಕ್ಕಿತು. ಕಂಚುಗಾರ ದಿಸೊಮಾ ತಾನು ಕೆತ್ತುತ್ತಿದ್ದ ಹಿತ್ತಾಳೆ ಹೂಜಿಯ ಮೇಲೆಯೇ ಕವುಚಿ ಬಿದ್ದ. ಲಾನಾವ್ ಸರೋವರದ ದಂಡೆಯ ಆ ಬೀದಿಯಲ್ಲಿ ಸುತ್ತಿಗೆಗಳ ಸದ್ದೆಲ್ಲ ಒಮ್ಮೆಗೇ ನಿಂತಿತು.

"ನಮ್ಮಣ್ಣನ್ನ ಮಿಲಿಟ್ರಿಯೋರಿಗೆ ಹಿಡ್ಕೊಟ್ಯಲ್ಲ, ನಾಯಿ!" ತೀರ ಹತ್ತಿರದಿಂದ ಗುಂಡು ಹಾರಿಸಿದ್ದ ಬಂತುವಾಸ್, ಮುಖಕ್ಕೂ ಅಂಗಿಗೂ ಸಿಡಿದ ರಕ್ತ ಒರೆಸಿಕೊಳ್ಳದೆ, ಕಂಕುಳಲ್ಲಿದ್ದ ಪುಸ್ತಕವನ್ನು ಅವನತ್ತ ಎಸೆದ. "ನಿನ್ನ ಹೆಸರು ಇದ್ರಲ್ಲೇ ಅಚ್ಚಾಗಿದೆ."

ನಮ್ಮ ಕಡೆಯ ಜಿಹಾದಿಗಳ ಬಗ್ಗೆ ಮನಿಲಾದ ಪತ್ರಕರ್ತನೊಬ್ಬ ಬರೆದ ಪುಸ್ತಕ ಅದು. ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಓದಿದವರು ಕಡಿಮೆ, ಯಾರ್ಯಾರ ಹೆಸರಿದೆ ಎಂದು ಹುಡುಕಿದವರೇ ಹೆಚ್ಚು. ಬಂತುವಾಸ್‌ಗೆ ಇಂಗ್ಲಿಷ್ ಬಾರದು. ಜಿಹಾದಿಗಳ ಜೊತೆ ಬೆಟ್ಟ ಸೇರಿ, ಮಿಲಿಟ್ರಿಯವರ ಗುಂಡಿಗೆ ಸತ್ತ ಅಣ್ಣನ ಸುಳಿವು ಕೊಟ್ಟವನು ಇವನೇ ಎಂದು ಸಂತೆಯಲ್ಲಿ ಯಾರೋ ಪುಟದ ಮೇಲಿನ ಹೆಸರಿಗೆ ಬೆರಳಿಟ್ಟು ತೋರಿಸಿದ್ದರು. ರಕ್ತಕ್ಕೆ ರಕ್ತ ಎನ್ನುವ ನಮ್ಮ ಕುಲಗಳ ಮರ್ಯಾದೆಗೆ ಅಷ್ಟು ಸಾಕು.

"ನಾನಲ್ಲ ತಮ್ಮಾ..." ದಿಸೊಮಾನ ಬಾಯಿಂದ ರಕ್ತ ಬಂತು.

ಶಾಲೆಯಲ್ಲಿ ಪಾಠ ಹೇಳುವ ಅವನ ಮಗಳು ನೊರ್ಹಾಯಾ ಒಂದು ಕೈಯಲ್ಲಿ ಅಪ್ಪನ ಹೊಟ್ಟೆ ಒತ್ತಿಹಿಡಿದು ಇನ್ನೊಂದರಲ್ಲಿ ಪುಸ್ತಕ ತೆರೆದಳು. "ಮೊದಲ್ನೇ ಪುಟದಲ್ಲೇ ಇದೆಯಲ್ಲೋ ಪಾಪಿ, ಹೆಸರೆಲ್ಲ ಬದಲಾಯಿಸಿದೀವಿ ಅಂತ! ಬರೆದೋನು ಯಾರನ್ನೋ ಕಾಪಾಡೋಕೆ ಇಟ್ಟ ಸುಳ್ಳು ಹೆಸರು ನಮ್ಮಪ್ಪಂದಾಯ್ತು." ಮಡಿಚಿಟ್ಟ ಪುಟ ಸಿಕ್ಕಿತು. "ಮುಂದಿನ ಸಾಲು ಕೇಳು. ಸುಳಿವು ಕೊಟ್ಟೋರು ದುಡ್ಡು ಮುಟ್ಲಿಲ್ಲ, ಅವನ ಮುಖಕ್ಕೆ ಮಾತ್ರ ಹೊಡೀಬೇಡಿ ಅಂತ ಬೇಡ್ಕೊಂಡ್ರು. ನಮ್ಮಪ್ಪ ಯಾಕೋ ಹಂಗೆ ಬೇಡ್ಕೋತಾನೆ? ನಿಮ್ಮಣ್ಣನ ಮುಖದಿಂದ ಅವನಿಗೇನಾಗ್ಬೇಕು?"

ದಿಸೊಮಾ ಉತ್ತರಕ್ಕೆ ಕಾಯಲಿಲ್ಲ. ಮಗಳ ಕೈಯ ಕೆಳಗೇ ಅವನ ಉಸಿರು ನಿಂತಿತು.

ಬಂತುವಾಸ್ ಮನೆ ಕಡೆ ನಡೆದ. ಅಣ್ಣನ ಹೆಣ ಬಂದಾಗ ಎದೆ ಜರಡಿಯಾಗಿತ್ತು, ಮುಖಕ್ಕೆ ಒಂದು ಗೀರೂ ಇರಲಿಲ್ಲ. ಅಮ್ಮ ಆ ಮುಖವನ್ನು ಬೊಗಸೆಯಲ್ಲಿ ಹಿಡಿದು, "ಸದ್ಯ, ಮಾತು ಉಳಿಸ್ಕೊಂಡ್ರು" ಎಂದಿದ್ದಳು. ದುಃಖಕ್ಕೆ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡಿದ್ದ.

ಅಮ್ಮ ಒಲೆಯ ಮುಂದೆ ಕೂತು ಪಲಾಪಾ ಚಟ್ನಿ ಕುಟ್ಟುತ್ತಿದ್ದಳು.

"ಅಣ್ಣನ ಮುಖಕ್ಕೆ ಹೊಡೀಬೇಡಿ ಅಂದೋಳು ನೀನೇನಮ್ಮಾ?"

ಕೈ ನಿಂತಿತು. ತಲೆಯೆತ್ತದೆಯೇ ಹೇಳಿದಳು: "ನಿನ್ನನ್ನೂ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ ಅಂತಿದ್ದ ಕಣೋ. ಒಬ್ಬನಾದ್ರೂ ಕೊಲೆಗಾರ ಆಗ್ದೆ ಉಳೀಲಿ ಅಂತ..."

ಆಗ ತಲೆಯೆತ್ತಿದಳು. ಅಂಗಿ ಕಂಡಿತು, ಬಂದೂಕು ಕಂಡಿತು. ಯಾರ ರಕ್ತ ಎಂದು ಕೇಳಲಿಲ್ಲ. ಎದ್ದು ಬಂದು, ಉಟ್ಟ ಬಟ್ಟೆಯ ಅಂಚನ್ನು ನೀರಲ್ಲಿ ಅದ್ದಿ, ಗಲ್ಲ ಹಿಡಿದು, ಅವನ ಮುಖ ಒರೆಸತೊಡಗಿದಳು.