ಬಿದಿರಿಗೆ ಹೊಡೆದ ಮೊಳೆ

ರಸೂಲ್ ಸಾಬರಿಗೆ ಕಬ್ಬಿಣದ ಮೇಲಿದ್ದಷ್ಟು ಭರವಸೆ ಹೆತ್ತ ಮಗಳ ಮೇಲಿರಲಿಲ್ಲ. ಮೊಳಕಾಲ್ಮುರಿನಲ್ಲಿ ಮೂವತ್ತೆಂಟು ವರ್ಷ ಸೈಕಲ್ ರಿಪೇರಿ ಮಾಡಿದವರು. ಅದೇ ಅಂಗಡಿಯಲ್ಲಿ ಬಿದಿರಿನ ಸೈಕಲ್ ಕಟ್ಟುತ್ತೇನೆ, ಹಳ್ಳಿಯ ಹೆಂಗಸರಿಗೂ ಕಲಿಸುತ್ತೇನೆ ಎಂದು ಮಗಳು ಮೆಹನಾಜ್ ಹೊರಟಾಗ, "ಬಿದಿರು ಏಣಿಗೆ ಸರಿ ಕಣಮ್ಮ" ಎಂದಿದ್ದರು.

ಮೊದಲ ಶಿಷ್ಯೆ ಸಿದ್ದಾಪುರದ ಮೂಗಮ್ಮ. ಕುರಿ ಕಾಯುವವಳು, ಹಗ್ಗ ಹೊಸೆದು ಪಳಗಿದ ಕೈ. ಬಿದಿರುಗಳು ಕೂಡುವಲ್ಲೆಲ್ಲ ಅಂಟಿನಲ್ಲಿ ಅದ್ದಿದ ಕತ್ತಾಳೆ ನಾರು ಸುತ್ತುವುದು ಅವಳ ಕೆಲಸ. ಸೀಟಿನ ಕೆಳಗಿನ ಜೋಡಣೆಯೊಂದು ಬಾಕಿಯಿದ್ದಾಗ ಅವಳು ಊಟಕ್ಕೆ ಹೋದಳು. ಸಾಬರ ಜೀವ ತಡೆಯಲಿಲ್ಲ. ಪರೀಕ್ಷೆಗೆ ಅದನ್ನು ಹತ್ತಿ ಓಡಿಸುವವಳು ಮಗಳು. ತೂತು ಕೊರೆದು ಬೆರಳುದ್ದದ ಮೊಳೆ ಹೊಡೆದು, ಕಾಣದಂತೆ ಅಂಟು ಮೆತ್ತಿಬಿಟ್ಟರು. ಊಟ ಮುಗಿಸಿ ಬಂದ ಮೂಗಮ್ಮ ತಿಳಿಯದೆ ಅದರ ಮೇಲೆಯೇ ನಾರು ಸುತ್ತಿದಳು.

ನಾರು ಒಣಗಿದ ಮೇಲೆ ಪರೀಕ್ಷೆ. ನನ್ನಿವಾಳದಿಂದ ಬೋರಕ್ಕ ಐದು ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದಳು. ಸೈಕಲ್ ತಾಳಿದರೆ ಕಲಿಯುವುದು, ಇಲ್ಲವಾದರೆ ಮುಂದಿನ ಬಸ್ಸಿಗೆ ವಾಪಸ್.

ಎರಡು ಮೂಟೆ ಹಿಂಡಿ ಹೇರಿಕೊಂಡು ಮೆಹನಾಜ್ ಸಿದ್ದಾಪುರದ ಕಲ್ಲುದಾರಿ ಹಿಡಿದಳು. ಹಿಂದೆ ಸಾಬರ ಹಳೆಯ ಸೈಕಲ್ ಲೊಡಬಡ ಎನ್ನುತ್ತಿತ್ತು. ಮುಂದಿದ್ದ ಬಿದಿರಿನದರಲ್ಲಿ ಸದ್ದೇ ಇಲ್ಲ. ಸದ್ದು ಕೇಳಿಯೇ ಸೈಕಲ್ಲಿನ ರೋಗ ಹೇಳುತ್ತಿದ್ದವರಿಗೆ ಇದರಲ್ಲಿ ಒಂದು ರೋಗವೂ ಸಿಗಲಿಲ್ಲ. ಅರ್ಧ ದಾರಿಯಲ್ಲಿ ಅದು ಚಟ್ ಎಂದಾಗ ಜೋರಾಗಿ ತುಳಿದು ಹತ್ತಿರ ಬಂದರು. ಮಗಳು ಮಾತ್ರ ಹೋಗಿ ತಿರುಗಿ ಅಂಗಡಿ ಮುಟ್ಟಿದಳು.

ಇಳಿದು ನೋಡಿದರೆ ಸೀಟಿನ ಕೆಳಗೆ ಬಿದಿರು ಗೇಣುದ್ದ ಸೀಳಿತ್ತು.

"ಬಿದಿರಲ್ವಾ, ಸೀಳ್ತೈತೆ ಬಿಡವ್ವ. ಬಸ್ಸಿಗೆ ಹೊತ್ತಾತು," ಎಂದು ಬೋರಕ್ಕ ಚೀಲ ಹೆಗಲಿಗೇರಿಸಿದಳು. ಮೆಹನಾಜ್ ಮೂಟೆ ಇಳಿಸತೊಡಗಿದಳು. ಮೂಗಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಅದನ್ನು ನೋಡಲು ಸಾಬರಿಂದ ಆಗಲಿಲ್ಲ.

"ಬಿದಿರಿನ ತಪ್ಪಲ್ಲ, ಇವರದ್ದೂ ಅಲ್ಲ. ನಾನೇ ಕದ್ದು ಮೊಳೆ ಹೊಡ್ದಿದ್ದೆ."

ತೋರಿಸಲೆಂದು ನಾರಿಗೆ ಉಳಿ ಹಾಕಿದರು. ಉಳಿ ಜಾರಿತು. ಕೊನೆಗೆ ಕಬ್ಬಿಣ ಕೊಯ್ಯುವ ಗರಗಸವೇ ಬೇಕಾಯಿತು. ಒಳಗೆ ಮೊಳೆಯಿಂದಲೇ ಸೀಳು ಹೊರಟಿತ್ತು. ಸೀಳಿದ ಬಿದಿರು, ಎರಡು ಮೂಟೆ, ಮೇಲೆ ತಮ್ಮ ಮಗಳು: ಇಷ್ಟನ್ನೂ ಬಿಡದೆ ಹಿಡಿದು ತಂದದ್ದು ಬೇಲಿಯಂಚಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಕತ್ತಾಳೆ. ಸಾಬರು ಆ ನಾರನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು.

"ನಾನು ಬೀಳ್ತೀನಿ ಅಂತನಾ ಅಬ್ಬಾ?" ಎಂದಳು ಮೆಹನಾಜ್.

"ಹೂಂ."

ಬೋರಕ್ಕ ಚೀಲ ಕೆಳಗಿಟ್ಟು ಕುಳಿತಳು. ಅವಳ ಪಕ್ಕದಲ್ಲೇ ರಸೂಲ್ ಸಾಬರೂ ನೆಲಕ್ಕೆ ಕುಳಿತು ಹೊಸ ಬಿದಿರಿಗೆ ನಾರು ಸುತ್ತತೊಡಗಿದರು. ಮೂಗಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಸಡ್ಲಾಗೈತೆ ಸಾಬ್ರೇ. ಬಿಚ್ರಿ."

ಸಾಬರು ಬಿಚ್ಚಿದರು.