ಹತ್ತೊಂಬತ್ತನೇ ನಂಬರಿನ ಕೈ

ಟೈಲರಮ್ಮ ಹಾಕಿದ ಇನ್ನೂರ ಹದಿನಾಲ್ಕು ಬೆಸುಗೆಗಳ ಪಕ್ಕದಲ್ಲಿ ಏಳನೇ ನಂಬರನ್ನು ಒತ್ತಿದ್ದರು. ಅವಳ ನಂಬರು ಹತ್ತೊಂಬತ್ತು. ಏಳು, ಫೋರ್‌ಮನ್‌ನ ಹೆಂಡತಿಯ ತಮ್ಮನದು.

ಆ ಕಾರ್ಖಾನೆಯಲ್ಲಿ ಆಸ್ಪತ್ರೆಗಳಿಗೆ ಬೇಕಾದ ಬಾಯ್ಲರ್‌ಗಳು ತಯಾರಾಗುತ್ತಿದ್ದವು. ವೆಲ್ಡಿಂಗ್ ಮಾಡುವ ಪ್ರತಿಯೊಬ್ಬರಿಗೂ ಒಂದು ನಂಬರು, ಆ ನಂಬರಿಗೊಂದು ಉಕ್ಕಿನ ಅಚ್ಚು. ಬೆಸುಗೆ ಎಕ್ಸ್‌ರೇಯಲ್ಲಿ ಪಾಸಾದರೆ ಪಕ್ಕದಲ್ಲಿ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇಟು. ಬಾಯ್ಲರ್ ಯಾವ ಆಸ್ಪತ್ರೆಯ ಯಾವ ಮೂಲೆಯಲ್ಲೇ ಇರಲಿ, ಇದು ಯಾರ ಕೈಕೆಲಸ ಎಂದು ಕಬ್ಬಿಣವೇ ಹೇಳಬೇಕು. ಒಂದೇ ನಂಬರಿನಲ್ಲಿ ಇನ್ನೂರು ಪಾಸಾದರೆ ಮೊದಲ ದರ್ಜೆಯ ಪರೀಕ್ಷೆಗೆ ನಿಲ್ಲುವ ಹಕ್ಕು.

ಅಚ್ಚು ಒತ್ತುವುದು ಹಿಂದಿನ ಅಂಗಳದಲ್ಲಿ, ಫೋರ್‌ಮನ್‌ನ ಎದುರಿಗೆ. ಟೈಲರಮ್ಮನಿಗೆ ಅತ್ತ ಹೋಗುವ ಕೆಲಸ ಬೀಳುತ್ತಿರಲಿಲ್ಲ. ಮುಚ್ಚಳ ಬದಲಾಯಿಸಲೆಂದು ಒಂದು ಹಳೆಯ ಬಾಯ್ಲರ್ ವಾಪಸು ಬಂದ ದಿನ, ಅದರ ಬಣ್ಣ ಕೆರೆಯುತ್ತಿದ್ದ ಅವಳ ಕೈ ಗಕ್ಕನೆ ನಿಂತಿತು. ಬೆಸುಗೆ ತನ್ನದು. ಹೆತ್ತವಳು ಮಗುವಿನ ಮಚ್ಚೆ ಮರೆತಾಳೆಯೇ? ಪಕ್ಕದಲ್ಲಿ ಮಾತ್ರ ಏಳು. ಅಂಗಳಕ್ಕೆ ಓಡಿ, ಸಾಗಿಸಲು ಸಿದ್ಧವಾಗಿ ನಿಂತಿದ್ದ ಆರು ಬಾಯ್ಲರ್‌ಗಳನ್ನೂ ಸುತ್ತಿ ನೋಡಿದಳು. ಏಳು, ಏಳು, ಏಳು. ಒಟ್ಟು ಎಷ್ಟೆಂಬುದನ್ನು ಎಕ್ಸ್‌ರೇ ಪುಸ್ತಕ ತಿರುವಿ ಹೇಳಿದವರು ಮೇಷ್ಟ್ರು. ಅವರು ಗ್ಯಾಸ್ ಕಟರ್ ಹಿಡಿದು ತಗಡು ಕತ್ತರಿಸುವವರು. ಅದಕ್ಕೂ ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಶಾಲೆ ಮುಚ್ಚಿತು, ಕೋನ ಅಳೆಯುವ ವಿದ್ಯೆ ಮಾತ್ರ ಕೈಬಿಡಲಿಲ್ಲ.

ಅವಳ ದಾರಿಯೂ ನೆಟ್ಟಗಿನದಲ್ಲ. ಹದಿನೆಂಟಕ್ಕೆ ಬಟ್ಟೆ ಕಾರ್ಖಾನೆ ಸೇರಿ ಹನ್ನೊಂದು ವರ್ಷ ಅಂಗಿಯ ಕಾಲರ್ ಹೊಲಿದಳು, ಪ್ರತಿ ಕತ್ತಿನಲ್ಲೂ ಯಾರದೋ ಕಂಪನಿಯ ಹೆಸರಿನ ಚೀಟಿ ಹೊಲಿದಳು. ಒಂದು ಸೋಮವಾರ ಕಾರ್ಖಾನೆಯ ಬಾಗಿಲು ತೆರೆಯಲೇ ಇಲ್ಲ. ಆಮೇಲೆ ಹೋಟೆಲಿನಲ್ಲಿ ಪಾತ್ರೆ ತೊಳೆದಳು. ದೊಡ್ಡ ಕಟ್ಟಡವೊಂದರ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆಲ್ಲ ಗುಂಡಿ ಒತ್ತಿಕೊಟ್ಟಳು; ಇಡೀ ದಿನ ಮೇಲೇರಿದರೂ ಸಂಜೆ ಇಳಿಯುವುದು ಮಾತ್ರ ನೆಲಕ್ಕೇ. ಕೊನೆಗೆ ಇಲ್ಲಿಗೆ ಕಸ ಗುಡಿಸಲು ಬಂದಳು. ಗುಡಿಸುತ್ತಾ ಕಂಡ ಬೆಂಕಿ ಕಣ್ಣಲ್ಲಿ ಕೂತಿತು. ಊಟದ ಬಿಡುವಿನಲ್ಲಿ ಚೂರು ತಗಡುಗಳ ಮೇಲೆ ಕೈ ಪಳಗಿಸಿದಳು, ಮೇಷ್ಟ್ರು ಪಕ್ಕದಲ್ಲಿ ನಿಂತು ವೆಲ್ಡಿಂಗ್ ರಾಡಿನ ವಾಲು ತಿದ್ದಿದರು. ವರ್ಷ ಕಳೆದು ಪರೀಕ್ಷೆ ಕೊಟ್ಟಾಗ ಒಂದೇ ಏಟಿಗೆ ಪಾಸು. ಹತ್ತೊಂಬತ್ತು ಸಿಕ್ಕಿದ್ದು ಆಗ.

ಅವಳು ನೇರ ಫೋರ್‌ಮನ್‌ನ ಕೋಣೆಗೆ ನುಗ್ಗಿದಳು.

"ಸಾರ್, ನನ್ನ ಕೆಲಸದ ಪಕ್ಕ ಏಳು ಯಾಕೆ ಬಂತು?"

ಫೋರ್‌ಮನ್ ಕಾಗದದಿಂದ ತಲೆ ಎತ್ತಲಿಲ್ಲ. "ಏಳಾದರೇನು, ಹತ್ತೊಂಬತ್ತಾದರೇನು? ಸೋರ್ತಿಲ್ಲ ತಾನೆ?"

"ಸೋರಲ್ಲ. ಅದಕ್ಕೇ ಕೇಳ್ತಿದೀನಿ."

"ನೋಡಮ್ಮಾ, ಹಾಜರಿ ಪುಸ್ತಕದಲ್ಲಿ ನೀನಿನ್ನೂ ಹೆಲ್ಪರ್. ಹೆಲ್ಪರ್ ಹಾಕಿದ್ದು ಅಂದ್ರೆ ಆಸ್ಪತ್ರೆಯವರು ಬಾಯ್ಲರ್ ಮುಟ್ತಾರಾ?"

"ಹೆಲ್ಪರ್ ಅಂತ ಬರೆದೋರು ಯಾರು ಸಾರ್?"

ಬರೆದವನು ಅವನೇ. ಅಲ್ಲಿದ್ದ ಐವರು ಹೆಂಗಸರೂ, ಏನೇ ಮಾಡಲಿ, ಆ ಪುಸ್ತಕದಲ್ಲಿ ಹೆಲ್ಪರ್‌ಗಳೇ. ಫೋರ್‌ಮನ್ ಪೆನ್ನು ಕೆಳಗಿಟ್ಟ. ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಕುರ್ಚಿ ತೋರಿಸಿದ.

"ಕೂತ್ಕೋ. ಗುರುವಾರ ಇನ್ಸ್‌ಪೆಕ್ಟರ್ ಬರ್ತಾರೆ, ನಮ್ಮ ಹುಡುಗನ ಮೊದಲ ದರ್ಜೆ ಪರೀಕ್ಷೆ. ಅವನ ಕೈ ನಿನಗೆ ಗೊತ್ತೇ ಇದೆ. ಪರೀಕ್ಷೆ ನಡೆಯೋ ಬೂತಿನ ಹಿಂದೊಂದು ಬಾಗಿಲಿದೆ. ಅವನು ಮುಂದಿನಿಂದ ಕಾರ್ಡು ತೋರಿಸಿ ಒಳಗೆ ಬಂದು, ಹಿಂದಿನಿಂದ ಹೊರಗೆ ಹೋಗ್ತಾನೆ. ನೀನು ಒಳಗಿರ್ತೀಯ. ಹೆಲ್ಮೆಟ್ಟಿನ ಗಾಜು ಇಳಿಸಿದ ಮೇಲೆ ಹೆತ್ತ ತಾಯಿಗೂ ಗುರುತು ಸಿಗಲ್ಲ. ಇದೊಂದು ಮಾಡಿಕೊಡು, ಮಾರನೇ ದಿನವೇ ನೀನು ವೆಲ್ಡರ್. ಹತ್ತೊಂಬತ್ತು ನಿನ್ನ ಕೈಗೇ ಕೊಡ್ತೀನಿ."

"ಇಲ್ಲಾಂದ್ರೆ?"

"ಪೊರಕೆ ಇದ್ದಲ್ಲೇ ಇದೆ."

ಹೊರಗೆ ಬಂದರೆ ಫೋರ್‌ಮನ್‌ನ ಭಾವಮೈದ ಗೋಡೆಗೆ ಅಂಟಿಕೊಂಡು ನಿಂತಿದ್ದ. ಇಪ್ಪತ್ತೈದು ದಾಟಿದ್ದರೂ ಬೈಸಿಕೊಂಡ ಶಾಲೆಯ ಹುಡುಗನ ಮುಖ.

"ಅಕ್ಕ, ಸಿಟ್ಟು ಮಾಡ್ಕೋಬೇಡಿ. ನಾನು ಮೊಬೈಲ್ ರಿಪೇರಿ ಅಂಗಡೀಲಿ ಚೆನ್ನಾಗೇ ಇದ್ದೆ. ಕೂದಲೆಳೆಯಂಥಾ ತಂತಿ ಅಂಟಿಸ್ತಿದ್ದೆ. ಅಲ್ಲೂ ಬೆಸುಗೆ, ಇಲ್ಲೂ ಬೆಸುಗೆ ಅಂತ ಭಾವ ಎಳ್ಕೊಂಡು ಬಂದ್ರು."

ಟೈಲರಮ್ಮನಿಗೆ ಅಷ್ಟು ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ. "ನಿನ್ನ ಭಾವ ಅಲ್ಲೂ ಹೊಲಿಗೆ, ಇಲ್ಲೂ ಹೊಲಿಗೆ ಅಂತ ನನ್ನ ಕೈಗೆ ಸೂಜಿ ಕೊಟ್ಟು ರೋಗಿ ಹೊಟ್ಟೆ ಹೊಲಿ ಅನ್ನಲಿಲ್ಲವಲ್ಲ, ಪುಣ್ಯ!"

ಸಂಜೆ ಅತ್ತೆಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವರು. ಮನೆಯ ಬಟ್ಟೆಯನ್ನೂ ಆಸ್ಪತ್ರೆಯ ಹಾಸಿಗೆಯಂತೆ ಮೂಲೆಗೆ ಮೂಲೆ ಕೂಡಿಸಿಯೇ ಮಡಚುವುದು.

"ಹಾಕ್ಬಿಡು," ಎಂದರು ಅತ್ತೆ. "ನಿನಗೆ ಬೇಕಾಗಿರೋದು ಹತ್ತೊಂಬತ್ತು, ಅವನೂ ಕೊಡ್ತೀನಿ ಅಂತಾನೆ. ನಮ್ಮ ಮನೇಲಿ ಒಂದೇ ಕೆಲಸ ಹಿಡಿದು ಕೂತೋರು ಯಾರಿದಾರೆ ಹೇಳು, ನನ್ನೊಬ್ಬಳನ್ನ ಬಿಟ್ಟು? ನಿನ್ನ ಗಂಡನೇ ಗೋಡೆಗೆ ಬಣ್ಣ ಬಳಿದ, ಹಾಲು ಹಂಚಿದ, ಸಿನಿಮಾ ಟಾಕೀಸಲ್ಲಿ ಬ್ಯಾಟರಿ ಹಿಡಿದು ಸೀಟು ತೋರಿಸಿದ, ಈಗ ಆಂಬುಲೆನ್ಸ್ ಓಡಿಸ್ತಾನೆ. ನಿನಗೆ ಮತ್ತೆ ಪೊರಕೆ ಬೇಕಾ?"

"ಆ ಪರೀಕ್ಷೆ ನಾನು ಕೊಟ್ಟು ಅವನು ಪಾಸಾದ್ರೆ, ನಾಳೆ ಮೊದಲ ದರ್ಜೆಯವನು ಅಂತ ಅವನೇ ನನ್ನ ಮೇಸ್ತ್ರಿ, ಅತ್ತೆ. ನನ್ನ ಕೆಲಸ ಸರಿ ಇದೆಯೋ ಇಲ್ವೋ ಅಂತ ಅವನು ಹೇಳ್ತಾನೆ."

"ಮೂವತ್ತು ವರ್ಷ ಹಾಸಿಗೆ ಬಟ್ಟೆ ಒಗೆದೆ. ಅದರ ಮೇಲೆ ಮಲಗಿದೋರಿಗೆ ನನ್ನ ಹೆಸರು ಗೊತ್ತಿತ್ತಾ?"

"ಗೊತ್ತಿರಬೇಕಿತ್ತು."

ಅತ್ತೆಯ ಕೈ ಮಡಿಕೆಯ ನಡುವೆಯೇ ನಿಂತಿತು. ಅರ್ಧ ಮಡಚಿದ್ದನ್ನು ಬಿಡಿಸಿದರು, ಮತ್ತೆ ಮಡಚಿದರು.

"ಇರಬೇಕಿತ್ತು ಕಣೇ," ಎಂದರು.

ಗುರುವಾರ ಹನ್ನೊಂದಕ್ಕೆ ಪರೀಕ್ಷೆ. ಟೈಲರಮ್ಮ ಹಿಂದಿನ ಬಾಗಿಲಿನಿಂದ ಬೂತಿನೊಳಗೆ ಹೋದಳು. ಮಾಡುತ್ತೇನೆಂದೂ ಹೋಗಲಿಲ್ಲ, ಮಾಡುವುದಿಲ್ಲವೆಂದೂ ಅಲ್ಲ, ಮನಸ್ಸು ಡೋಲಾಯಮಾನ. ಮುಂದಿನ ಕೆಂಪು ಪರದೆಯ ಆಚೆ ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಭಾವಮೈದ ಒಳಗೆ ಬಂದವನು, ಏಳೆಂದು ಬರೆದ ತನ್ನ ಜಾಕೆಟ್ಟನ್ನು ಕಳಚಿ ಅವಳಿಗೆ ಕೊಟ್ಟು, ತಲೆ ತಗ್ಗಿಸಿ ಹಿಂದಿನ ಬಾಗಿಲಿನಲ್ಲಿ ಮಾಯವಾದ. ಅವಳು ಅದನ್ನು ತೊಟ್ಟು ಹೆಲ್ಮೆಟ್ ಹಾಕಿಕೊಂಡಳು.

ಸ್ಟ್ಯಾಂಡಿನಲ್ಲಿ ಎರಡು ಪೈಪುಗಳು ಬಾಯಿಗೆ ಬಾಯಿ ಕೊಟ್ಟು ಕೂತಿದ್ದವು. ನಡುವೆ ಬಳೆಯಷ್ಟು ತೆಳ್ಳಗಿನ ಸಂದು. ಅದನ್ನು ಕಂಡದ್ದೇ ಅವಳ ಕೈ ತಾನಾಗಿ ರಾಡಿಗೆ ಹೋಯಿತು. ಮೊದಲು ನಾಲ್ಕು ಕಡೆ ಚಿಕ್ಕ ಚುಕ್ಕೆ ಬೆಸುಗೆ ಹಾಕಿ ಪೈಪುಗಳನ್ನು ಹಿಡಿದು ನಿಲ್ಲಿಸಬೇಕು. ಉಳಿದವರು ಸುತ್ತ ಸಾಲಾಗಿ ಹಾಕುತ್ತಾ ಹೋಗುತ್ತಾರೆ. ಕಾವಿಗೆ ಪೈಪು ಒಂದು ಕಡೆ ಎಳೆದುಕೊಂಡು ಸಂದು ಮುಚ್ಚುತ್ತದೆ. ಅವಳು ಕಾಲರಿಗೆ ಕಚ್ಚಾ ಹೊಲಿಗೆ ಹಾಕುವಂತೆ ಹಾಕುವವಳು: ಮೊದಲು ಮೇಲೆ, ಆಮೇಲೆ ನೇರ ಅದರ ಕೆಳಗೆ, ಆಮೇಲೆ ಬಲಕ್ಕೆ, ಕೊನೆಗೆ ಎಡಕ್ಕೆ. ಯಾವ ಪುಸ್ತಕವೂ ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಹನ್ನೊಂದು ವರ್ಷದ ಅಂಗಿಗಳು ಹೇಳಿಕೊಟ್ಟಿದ್ದವು.

ನಾಲ್ಕು ಚುಕ್ಕೆಗಳೂ ಬಿದ್ದವು. ಗಾಜು ಮೇಲೆತ್ತಿ ನೋಡಿದಳು. ಸುತ್ತ ಒಂದೇ ಸಮ ಸಂದು, ಕೂದಲೆಳೆಯ ಹೆಚ್ಚುಕಮ್ಮಿ ಇಲ್ಲ. ಎಷ್ಟು ಚೆಂದ ಕೂತಿದೆ! ಎದೆ ತುಂಬಿಬಂತು. ಇಷ್ಟನ್ನು ಬಿಟ್ಟುಕೊಡುವುದೇ? ಕತ್ತಿನ ಚೀಟಿಗಳನ್ನು ಹೊಲಿದದ್ದು ಸಾಲದೇ? ಇದನ್ನು ಕೊಟ್ಟು ಪಡೆಯುವ ಹತ್ತೊಂಬತ್ತು, ಅವಳು ಪಾಸಾಗಿ ಪಡೆದ ಹತ್ತೊಂಬತ್ತಲ್ಲ. ಅದು ಅವನು ಬಿಸಾಕಿದ ತುಂಡು.

ಜಾಕೆಟ್ಟನ್ನು ಬಿಚ್ಚಿ ಮೊಳೆಗೆ ತೂಗುಹಾಕಿದಳು, ಹೆಲ್ಮೆಟ್ಟನ್ನು ತೆಗೆದು ಕೈಯಲ್ಲಿ ಹಿಡಿದಳು.

ಕಿಡಿಯ ಸದ್ದು ನಿಂತದ್ದೇ ಹಿಂದಿನ ಬಾಗಿಲಿನ ಸಂದಿಯಲ್ಲಿ ಫೋರ್‌ಮನ್‌ನ ಮುಖ ಕಾಣಿಸಿತು. "ಏನಾಯ್ತೇ?" ಪಿಸುಗುಟ್ಟಿದ. "ಅವರು ಗಡಿಯಾರ ನೋಡ್ತಿದಾರೆ!"

ಅವಳು ಮುಂದೆ ಹೋಗಿ ಕೆಂಪು ಪರದೆಯನ್ನು ಸರ್ರನೆ ಎಳೆದಳು. ಕುರ್ಚಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಕಾರ್ಡಿನ ಫೋಟೋ ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ನೀವು ಯಾರಮ್ಮಾ?"

"ಹತ್ತೊಂಬತ್ತನೇ ನಂಬರು ಸಾರ್. ಈ ನಾಲ್ಕು ಚುಕ್ಕೆ ನನ್ನವು. ಏಳು ಅಂತ ಅಚ್ಚು ಬಿದ್ದಿರೋ ಇನ್ನೂರ ಹದಿನಾಲ್ಕೂ ನನ್ನವೇ. ಬೇಕಾದ್ರೆ ಒಂದೊಂದನ್ನೂ ತೋರಿಸ್ತೀನಿ."

ಮೇಷ್ಟ್ರ ಗ್ಯಾಸ್ ಕಟರಿನ ಸದ್ದು ನಿಂತಿತು. ಅಂಗಳದ ಕಡೆಯಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಫೋರ್‌ಮನ್ ನಗಲು ನೋಡಿದ. "ತಲೆ ಕೆಟ್ಟಿದೆ ಸಾರ್ ಇವಳಿಗೆ, ಹೆಲ್ಪರ್ ಇವಳು." ಅವಳತ್ತ ತಿರುಗಿದಾಗ ದನಿ ಗಡುಸಾಯಿತು. "ಹೆಲ್ಮೆಟ್ ಅಲ್ಲಿಟ್ಟು ಹೊರಗೆ ನಡಿ!"

ಟೈಲರಮ್ಮ ಹೆಲ್ಮೆಟ್ಟನ್ನು ಕಂಕುಳಲ್ಲಿ ಒತ್ತಿ ಹಿಡಿದು, ಪೈಪಿನ ಪಕ್ಕದಲ್ಲಿ ಕಾಲೂರಿ ನಿಂತಳು.

"ಇಡಲ್ಲ ಸಾರ್," ಎಂದಳು. "ಹೋಗೋದೂ ಇಲ್ಲ."